ಬುತ್ತಿಯ ಆರನೇ ಪರವಾನಗಿ

"ಇನ್ನೊಂದು ಸಲ ಓದಸು ಬೇಟಿ," ಅಂದಳು ಮಸರತಬೀ.

ಅಂಬರೀನ ಗುಂಡಿ ಒತ್ತಿದಳು. ಲ್ಯಾಪ್‌ಟಾಪು ಇಂಗ್ಲಿಷಿನ ಆ ನಾಲ್ಕು ಸಾಲುಗಳನ್ನು ಐದನೇ ಸಲ ಓದಿತು. ಸಾಲುಗಳ ತಿರುಳು ಇಷ್ಟೇ: ಸುಲ್ತಾನಸಾಬ ಬರೆದ ಈ ಸಾಫ್ಟ್‌ವೇರನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು, ಜಿಪಿಎಲ್ ಎಂಬ ಪರವಾನಗಿಯ ಎರಡನೇ ಆವೃತ್ತಿಯ ಕರಾರಿನಂತೆ. ಅಲ್ಲಿಗೆ ಓದು ನಿಂತಿತು.

"ಇಲ್ಲೇ ನೋಡ್ರಿ ಆಪಾ! ಇಲ್ಲಿ ಇನ್ನಾ ಅರ್ಧ ಸಾಲ ಇತ್ತು. 'ಅಥವಾ ಅದರ ಮುಂದಿನ ಯಾವುದೇ ಆವೃತ್ತಿ' ಅಂತ. ನಾ ನೂರು ಸಲ ಕೇಳೀನಿ. ಈಗ ಇಲ್ಲ. ಹ್ಯಾಂಗ ಹೋತು? ಯಾರು ಒಯ್ದ್ರು?"

ಅಂಬರೀನ ಪರದೆಯನ್ನು ಮಸರತಬೀಯತ್ತ ತಿರುಗಿಸಿದಳು. ಗುರುವಾರ ಯಾದಗಿರಿಯಿಂದ ಬಂದ ನೋಟಿಸು ಅವಳನ್ನು ನೇರವಾಗಿ ಕಳ್ಳಿ ಎಂದಿತ್ತು. ಇವತ್ತು ಶನಿವಾರ, ಬೆಳಗಿನ ಒಂಬತ್ತೂವರೆ. ಸಂಜೆ ಐದಕ್ಕೆ ಗಡುವು.

ಗೋಗಿ ಹಳ್ಳಿಯ ಆ ಸಣ್ಣ ಮನೆಯಲ್ಲಿ ಮೂರೇ ಜನ. ಅಂಬರೀನ, ಹುಟ್ಟಿನಿಂದ ಕಣ್ಣಿಲ್ಲದ ಇಪ್ಪತ್ತಾರರ ಹುಡುಗಿ, ಆದರೆ ಕಂಪ್ಯೂಟರಿನ ಒಳಗನ್ನು ಕಣ್ಣಿದ್ದವರಿಗಿಂತ ಚೆನ್ನಾಗಿ ಬಲ್ಲವಳು. ಅವಳ ಪಕ್ಕದಲ್ಲಿ ಉಗುರು ಕಚ್ಚುತ್ತ ಕೂತವನು ಮಹೇಶಕುಮಾರ, ಶಹಾಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಹೇಳಿಕೊಡುವ ಮೇಷ್ಟ್ರು. ಎದುರಿಗೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಚಾ ಹೀರುತ್ತಿರುವವಳು ನಮ್ಮ ಮಸರತಬೀ.

ಮಸರತಬೀಗೆ ಕಂಪ್ಯೂಟರ್ ಬರುವುದಿಲ್ಲ. ಬರುವುದಿಲ್ಲ ಎನ್ನಲು ನಾಚಿಕೆಯೂ ಇಲ್ಲ. ಸುರಪುರದ ನೋಂದಣಿ ಕಚೇರಿಯ ಎದುರಿನ ಬೇವಿನ ಮರದಡಿ ಮೂವತ್ತು ವರ್ಷ ಖರೀದಿಪತ್ರ, ದಾನಪತ್ರ, ಆಸ್ತಿ ಪಾಲಿನ ವಾಟ್ನಿಪತ್ರ ಬರೆದ ಹೆಣ್ಣು ಆಕೆ. ಕಾಗದದಲ್ಲಿ ಸುಳ್ಳು ಯಾವ ಮೂಲೆಯಲ್ಲಿ ಅಡಗಿ ಕೂತಿರುತ್ತದೆ ಎಂಬುದನ್ನು ಮೂಗಿನಿಂದಲೇ ಕಂಡುಹಿಡಿಯುತ್ತಾಳೆ. ಜಮೀನಿನ ಕಾಗದವಾದರೇನು, ಕಂಪ್ಯೂಟರಿನ ಕಾಗದವಾದರೇನು? ಮೋಸ ಮಾಡುವವನು ಮನುಷ್ಯನೇ ತಾನೆ!

"ನಾ ತಿಳಕೊಂಡದ್ದು ಸರಿ ಅದನೋ ಇಲ್ಲೋ ಹೇಳ್ರಿ," ಎಂದು ಆಕೆ ಲೋಟ ಕೆಳಗಿಟ್ಟಳು. "ಈ ನಿಮ್ಮ 'ಬುತ್ತಿ' ಕಣ್ಣಿಲ್ಲದವರಿಗೆ ಕಂಪ್ಯೂಟರಿನ್ಯಾಗಿಂದು ಓದಿ ಹೇಳ್ತದ. ಇದರಾಗ ಆರು ಪದಾರ್ಥ ಅದಾವ. ಒಂದೊಂದು ಒಬ್ಬೊಬ್ಬರು ಮಾಡಿದ್ದು. ಒಂದೊಂದಕ್ಕ ಒಂದೊಂದು ಲೈಸೆನ್ಸ್. ಹೌದಲ್ಲೋ?"

"ಹೌದ್ರಿ," ಅಂದ ಮಹೇಶಕುಮಾರ.

"ಒಂದ ಬುತ್ತಿಯಾಗ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿದ್ರ ಅವು ಬ್ಯಾರೆ ಬ್ಯಾರೆನೇ ಇರ್ತಾವ. ಬಾಜೂಕ ಬಾಜೂಕ ಕುಂತಾವ ಅಷ್ಟ. ಹಂಗ ಇದರಾಗಿನ ಅಕ್ಷರದ ಫಾಂಟು, ಶಬ್ದಕೋಶ. ಅವುಕ್ಕ ಯಾವ ಲೈಸೆನ್ಸ್ ಇದ್ರೂ ಜಗಳಿಲ್ಲ. ಆದ್ರ ಹಿಟ್ಟಿನ್ಯಾಗ ಉಪ್ಪು ಹಾಕಿ ನಾದಿದ ಮ್ಯಾಲ ಎರಡೂ ಒಂದ. ಹಂಗ ಸುಲ್ತಾನಸಾಬರ ಮಾತಿನ ಎಂಜಿನ್ನು, ಮತ್ತ ಆ ಅಕ್ಷರ ಜೋಡಿಸೋ ಭಾಗ. ಅವೆರಡು ನಾದೀರಿ."

"ಅಲ್ಲೇ ಬಂದದ್ರಿ ತಕರಾರು," ಅಂಬರೀನ ಮುಂದಕ್ಕೆ ಬಾಗಿದಳು. "ಅಕ್ಷರ ಜೋಡಿಸೋದು ಮೂರನೇ ಆವೃತ್ತಿದು. ಸುಲ್ತಾನ ಚಾಚಾಂದು 'ಎರಡು ಅಥವಾ ಮುಂದಿನದು' ಅಂತಿದ್ರ ಅದನ್ನ ಮೂರು ಅಂತ ಹಿಡದು ಕೂಡಿಸಬಹುದು. ಬರೇ 'ಎರಡು' ಅಂತಿದ್ರ ಕೂಡಸಂಗೇ ಇಲ್ಲ. ಕೂಡಸಿ ಹಂಚಿದ್ರ ಕಳವು. ಆ ಅರ್ಧ ಸಾಲಿನ ಮ್ಯಾಲ ನಾ ಎರಡು ವರ್ಷ ಕೆಲಸ ಮಾಡೀನಿ ಆಪಾ!"

ಸೋಮವಾರ ಯಾದಗಿರಿಯಲ್ಲಿ ಹಳ್ಳಿ ಗ್ರಂಥಾಲಯದ ಹುದ್ದೆಗಳಿಗೆ ಪರೀಕ್ಷೆ. ಕಣ್ಣಿಲ್ಲದ ನಲವತ್ತೊಂದು ಜನ ಬರೆಯುವವರು. ನಲವತ್ತೊಂದು ಕಂಪ್ಯೂಟರಿಗೂ ಬುತ್ತಿಯನ್ನೇ ಹಾಕಿದ್ದಾರೆ. ಬುತ್ತಿ ಮನೆಯಿಂದ ಹೊರಗೆ ಕಾಲಿಡುತ್ತಿರುವುದು ಇದೇ ಮೊದಲು. ಐದು ಗಂಟೆಯೊಳಗೆ ಕಳಂಕ ತೊಳೆಯದಿದ್ದರೆ ಅದನ್ನು ಅಳಿಸಿಬಿಡುತ್ತಾರೆ, ಆ ನಲವತ್ತೊಂದು ಜನ ಮನೆಗೆ ಹೋಗುತ್ತಾರೆ. ಅವರಲ್ಲಿ ಅಂಬರೀನಳೂ ಒಬ್ಬಳು. ಈ ಹುದ್ದೆಗಳನ್ನು ಮತ್ತೆ ಕರೆಯುವುದಿಲ್ಲವಾದ್ದರಿಂದ ಅವಳಿಗೆ ಇದೇ ಕೊನೆಯ ಸಲ.

"ಸುಲ್ತಾನಸಾಬರ ಹಳೇ ಕಂಪ್ಯೂಟರು?"

"ಅವರು ತೀರಿಕೊಂಡ ಮ್ಯಾಲ ಜೈತುನಬೀ ಚಾಚಿ ಗುಜರಿಗೆ ಹಾಕ್ಯಾರ. ಇದ್ದದ್ದು ನನ್ನ ಹಂತೇಕಿನ ಪ್ರತಿ ಒಂದ."

"ಇದು ನಿನ್ನ ಕೈ ಬಿಟ್ಟು ಯಾರ ಕೈಗೆ ಹೋಗಿತ್ತು?"

ಅಂಬರೀನಳ ಬದಲು ಮಹೇಶಕುಮಾರ ಹೇಳಿದ. "ಪರೀಕ್ಷೆ ಕಂಪ್ಯೂಟರಿಗೆ ಹಾಕಾಕ ಅಂತ ಯಾದಗಿರಿಯಾಗ ಜಗದೇವಪ್ಪನ ರಿಪೇರಿ ಅಂಗಡಿಯಾಗ ಮೂರು ದಿನ ಇತ್ತು. ಆಮ್ಯಾಲ ನನ್ನ ಹತ್ರ ಒಂದು ವಾರ."

"ಅಂದ್ರ ನೀ, ಇಲ್ಲಾ ಅವ."

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ನೋಟಿಸು ಕೊಟ್ಟವನು ಅದೇ ಜಗದೇವಪ್ಪ. ಸುಲ್ತಾನಸಾಬರ ಹೆಂಡತಿ ಜೈತುನಬೀಯಿಂದ ಎಂಜಿನ್ನಿನ ಹಕ್ಕು ಬರೆಸಿಕೊಂಡು ಕೂತಿದ್ದ. ಆದರೆ ಲ್ಯಾಪ್‌ಟಾಪು ಹೆಚ್ಚು ದಿನ ಇದ್ದದ್ದು ಮಹೇಶಕುಮಾರನ ಬಳಿ ಎಂದು ಊರೆಲ್ಲ ಮಾತಾಡಿಕೊಳ್ಳುತ್ತಿತ್ತು.

ಮಸರತಬೀ ಅವನ ಮುಖವನ್ನು ಒಂದು ಗಳಿಗೆ ನೋಡಿ ಕಣ್ಣು ತಿರುಗಿಸಿದಳು. "ಇರಲಿ. ಉಳಿದ ಕಡತ ತೋರಸ್ರಿ. ಎಲ್ಲದರ ತಲಿಮ್ಯಾಗ ಲೈಸೆನ್ಸ್ ಬರದಿರ್ತಾರಂತಲ್ಲ, ಅದಷ್ಟ ತೋರಸ್ರಿ."

ಒಂದೊಂದಾಗಿ ತೆರೆದರು. ಸುಲ್ತಾನಸಾಬರ ನೂರಾ ಹನ್ನೆರಡು ಕಡತಗಳು. ಎಲ್ಲದರಲ್ಲೂ ಅರ್ಧ ಸಾಲು ಮಾಯ. ಒಂದಾದರೂ ಉಳಿದಿರಬಾರದೆ? ಊಹೂಂ. ಸವರಿ ಒರೆಸಿದ ಹಾಗಿತ್ತು.

"ಇದು ಕೊನೀದು," ಅಂದಳು ಅಂಬರೀನ. "ಚಾಚಾ ಬರೆದ ದಖನಿ ಮಾತಿನ ಪಟ್ಟಿ. ಇದರ ತಲಿಮ್ಯಾಗ ಏನೂ ಇಲ್ರಿ, ಖಾಲಿ ಸಾಲು. ಬುತ್ತಿ ಏನೂ ಓದಂಗಿಲ್ಲ ಅಲ್ಲಿ."

ಮಸರತಬೀ ಚಸ್ಮ ಮೂಗಿಗೇರಿಸಿ ಪರದೆಗೆ ಮುಖ ತಂದಳು. ಆಮೇಲೆ ಚಾಪೆಗೆ ಫಟ್ಟನೆ ಕೈ ಬಡಿದು ನಕ್ಕಳು.

"ಖಾಲಿ ಎಲ್ಲ್ಯದ ಬೇಟಿ? ಇಲ್ಲಿ ತುಂಬಿ ತುಳಕ್ಯಾಡಾಕತ್ತದ! ನಿನ್ನ ಬುತ್ತಿಗೆ ಉರ್ದು ಲಿಪಿ ಬರಂಗಿಲ್ಲ, ಅದಕ ಬಿಟ್ಟು ಓದ್ಯದ."

ನಿಜಾಮನ ಕಾಲದ ಜಮೀನಿನ ದಾಖಲೆಗಳೆಲ್ಲ ಉರ್ದುವಿನಲ್ಲೇ ಇದ್ದ ನಾಡು ಇದು. ಅವನ್ನು ಓದಿ ಹೇಳುವವರು ಈಗ ಬೆರಳೆಣಿಕೆಯಷ್ಟು. ಮಸರತಬೀ ಅವರಲ್ಲೊಬ್ಬಳು. ಅಕ್ಷರದ ಮೇಲೆ ಬೆರಳಿಟ್ಟು, ಕನ್ನಡ ಮಾಡಿ ಓದಿದಳು: "'ಈ ಪಟ್ಟಿ ಎಲ್ಲಾರದೂ. ಕರಾರು, ಜಿಪಿಎಲ್ ಎರಡನೇದು, ಅಥವಾ ಅದರ ಮುಂದಿನ ಯಾವುದೇ ಒಂದು. ಸುಲ್ತಾನಸಾಬ, ನಾರಾಯಣಪುರ.'"

ಅಂಬರೀನ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಎರಡು ದಿನದಿಂದ ತಡೆದಿಟ್ಟ ಅಳು.

"ರೋನಕೋ ಬೇಟಿ. ಅಳೋ ವ್ಯಾಳ್ಯಾ ಅಲ್ಲ ಇದು. ಮಾಸ್ತರ, ಇನ್ನೊಂದು ಕೆಲಸ. ಸುಲ್ತಾನಸಾಬರ ಸಂಬಂಧನೇ ಇಲ್ಲದವರು ಮಾಡಿದ ಭಾಗದಾಗ ಈ ಅರ್ಧ ಸಾಲು ಎಲ್ಲಿ ಇರಬೇಕಿತ್ತು?"

ಮಹೇಶಕುಮಾರ ಯೋಚಿಸಿದ. "ಅಂಕಿ ಓದೋ ಭಾಗದಾಗ್ರಿ. ಅದು ದೂರದೇಶದ ಮೂರು ಮಂದಿ ಮಾಡಿದ್ದು. ಜಾಲದಾಗ ಎಲ್ಲಾರಿಗೂ ಸಿಗ್ತದ. ಅದನ್ನ ನಾವು ಮುಟ್ಟೇ ಇಲ್ಲ, ಇದ್ದಂಗ ತಂದು ಹಾಕೀವಿ."

"ತೆಗಿ. ನೋಡೂಣು."

ತೆಗೆದ. ನೋಡಿದ. ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದ.

"ಇದರಾಗೂ ಅರ್ಧ ಸಾಲು ಇಲ್ಲ! ಜಾಲದಾಗಿನ ಪ್ರತಿಯಾಗ ಅದ, ನಮ್ಮದರಾಗ ಇಲ್ಲ! ಯಾಕ್ರಿ ಆಪಾ?"

"ಹೇಳ್ತೀನಿ, ನಡಿ. ಲ್ಯಾಪ್‌ಟಾಪ್ ಹೆಗಲಿಗೆ ಹಾಕ್ಕೊ. ಬೇಟಿ, ಫೋನ್ ಹತ್ರನೇ ಇರು. ಅಭ್ಯಾಸ ಮಾಡ್ಕೋತ ಕೂಡು. ಸೋಮವಾರ ನೀ ಪರೀಕ್ಷೆ ಬರೀತಿ, ಇದು ನನ್ನ ಮಾತು."

* * *

ಗೋಗಿಯಿಂದ ಶಹಾಪುರಕ್ಕೆ ಟಂಟಂ ರಿಕ್ಷಾ. ಅಲ್ಲಿಂದ ಯಾದಗಿರಿ ಬಸ್ಸು. ಸೀಟು ಸಿಕ್ಕಿದ್ದೇ ಮಸರತಬೀ ಕಾಗದದ ಪೊಟ್ಟಣ ಬಿಚ್ಚಿ ಮಂಡಕ್ಕಿಯ ಸುಸಲಾ ತಿನ್ನತೊಡಗಿದಳು. ಮಹೇಶಕುಮಾರ ಬೇಡವೆಂದ.

"ಆಪಾ, ನಿಮಗ ನನ್ನ ಮ್ಯಾಲ ಅನುಮಾನ ಅದ ಏನ್ರಿ?"

"ಮುಂಜಾನಿ ಇತ್ತು. ಈಗ ಇಲ್ಲ."

"ಯಾಕ್ರಿ?"

"ಬುತ್ತಿಯಾಗ ಯಾವ ಪದಾರ್ಥ ಯಾರದು ಅಂತ ಪಟ್ಟಿ ಮಾಡಿದವ ಯಾರು?"

"ನಾನ ರೀ."

"ಅದಕ. ನೀ ಕಳ್ಳ ಆಗಿದ್ರ ಸುಲ್ತಾನಸಾಬರ ಕಡತ ಅಷ್ಟ ತಿದ್ದಿ ಕೈ ತೊಳಕೋತಿದ್ದಿ. ಇದನ್ನ ಮಾಡಿದವಗ ಯಾವುದು ಯಾರದು ಅಂತ ಗೊತ್ತೇ ಇಲ್ಲ. ಇಡೀ ಬುತ್ತಿ ಒಬ್ಬರದ ಅಡಿಗಿ ಅಂತ ತಿಳಕೊಂಡಾನ. ಒಂದ ಏಟಿಗೆ ಎಲ್ಲಾ ಕಡತದಾಗಿಂದೂ ಆ ಮಾತು ಅಳಸ್ಯಾನ. ಬಂದವರದು, ಹೋದವರದು, ಸಂಬಂಧ ಇಲ್ಲದವರದು ಎಲ್ಲಾ! ಗೊತ್ತಿದ್ದವ ಇಂಥ ಕೆಲಸ ಮಾಡಂಗಿಲ್ಲ."

ಮಹೇಶಕುಮಾರ ಉಸಿರು ಬಿಟ್ಟ. ಪೊಟ್ಟಣಕ್ಕೆ ತಾನಾಗಿ ಕೈ ಹಾಕಿದ.

"ಮತ್ತ ಉರ್ದು ಪಟ್ಟಿಯಾಗ ಹ್ಯಾಂಗ ಉಳೀತು?"

"ಅಳಸಿದ್ದು ಇಂಗ್ಲಿಷ್ ಮಾತು. ಉರ್ದುದಾಗ ಏನಿತ್ತೋ ಅವಗೇನು ಗೊತ್ತು?" ಮಸರತಬೀ ಚೀಲದಿಂದ ನೋಟಿಸು ತೆಗೆದು ಅವನ ತೊಡೆಯ ಮೇಲೆ ಹಾಕಿದಳು. "ಇದನ್ನ ಓದು. ಏನಂತ ಬರದಾನ? 'ಬುತ್ತಿ ಎಂಬ ಸುಲ್ತಾನಸಾಬರ ಸಾಫ್ಟ್‌ವೇರು'. ಮೂರು ಕಡೆ ಹಂಗೇ ಬರದಾನ. ಬ್ಯಾರೆ ಬ್ಯಾರೆ ಮಂದಿ ಮಾಡಿದ್ದನ್ನ ಒಬ್ಬರದು ಅಂತಾನ."

ಬಸ್ಸು ಭೀಮಾ ನದಿಯ ಸೇತುವೆ ಹತ್ತಿತು. ಮಹೇಶಕುಮಾರ ಕಿಟಕಿಯಾಚೆ ನೋಡುತ್ತ ಗೊಣಗಿದ. "ಒಂದ ತಿಳೀವಲ್ತು ಆಪಾ. ಕಂಪ್ಯೂಟರ್ ರಿಪೇರಿ ಮಾಡಿ ಛಲೋ ಬಾಳೇ ಮಾಡಾಕತ್ತಾನ ಅವ. ಬುತ್ತಿ ಎಲ್ಲಾರಿಗೂ ಪುಕ್ಕಟೆ ಸಿಗೋದು. ಇದನ್ನ ನಿಲ್ಲಿಸಿದ್ರ ಅವಗ ಸಿಗೋದಾದ್ರೂ ಏನು?"

ಮಸರತಬೀ ಬಾಯಿಗೆ ಒಯ್ಯುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದಳು. ಹುಡುಗನ ಪ್ರಶ್ನೆ ಸರಿಯಾಗಿಯೇ ಇತ್ತು.

"ಹ್ಯಾಂಗ ಮಾಡ್ದ ಅಂತ ಹಿಡದೀನಿ. ಯಾಕ ಮಾಡ್ದ ಅಂತ ಅವನ ಬಾಯಿಲೆ ಹೇಳಸ್ತೀನಿ," ಎಂದು ಸುಸಲಾ ಬಾಯಿಗೆ ಹಾಕಿಕೊಂಡಳು.

* * *

ಪರೀಕ್ಷೆಯ ಉಸ್ತುವಾರಿ ಅಧಿಕಾರಿ ದೇವಕಮ್ಮನವರ ಕೋಣೆ. ಗೋಡೆ ಗಡಿಯಾರದಲ್ಲಿ ಮೂರೂ ಹತ್ತು. ಜಗದೇವಪ್ಪ ಆಗಲೇ ಬಂದು ಕೂತಿದ್ದ. ಐವತ್ತೈದು ದಾಟಿದವನು, ಗಂಜಿ ಹಾಕಿದ ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ. ಮಸರತಬೀಯನ್ನು ನೋಡಿ ಎದ್ದು ನಿಂತು ಕೈಮುಗಿದ. ಮರ್ಯಾದೆಯಲ್ಲಿ ಏನೂ ಕಡಿಮೆಯಿಲ್ಲ.

"ಬರ್ರಿ ಆಪಾ. ಆ ಹುಡುಗಿ ಮ್ಯಾಲ ನನಗೇನೂ ಸಿಟ್ಟಿಲ್ರಿ. ಕಣ್ಣಿಲ್ಲದಾಕಿ, ತಿಳೀದೇ ಮಾಡ್ಯಾಳ. ಬುತ್ತಿ ತೆಗದುಬಿಡ್ರಿ, ನಾ ಕೇಸ್ ಮಾಡಂಗಿಲ್ಲ."

"ಭಾಳ ದೊಡ್ಡ ಮನಸ್ಸು ನಿಮ್ಮದು," ಅಂದಳು ಮಸರತಬೀ, ಕುರ್ಚಿ ಎಳೆದುಕೊಂಡು. "ನೀವು ಹಕ್ಕು ಬರಸ್ಕೊಂಡದ್ದು ಯಾವಾಗ?"

"ಹೋದ ವಾರ."

"ಹೊಲ ಕೊಂಡವ ಮೊದಲಿಂದ ಇದ್ದ ಕಾಲುದಾರಿ ಮುಚ್ಚಾಕ ಬರತದೇನ್ರಿ? ಸುಲ್ತಾನಸಾಬರು ಜೀವಂತಿದ್ದಾಗ ಕೊಟ್ಟ ಪರವಾನಗಿ ನೀವು ಹಿಂದಕ್ಕ ತಗೊಳ್ಳಾಕ ಬರಂಗಿಲ್ಲ."

"ಕೊಟ್ಟಿದ್ರ ತಾನ? ಅವರು ಎರಡನೇ ಆವೃತ್ತಿ ಅಂತ ಅಷ್ಟ ಬರದಾರ. ಆಕಿ ಪ್ರತಿನೂ ಹಂಗೇ ಹೇಳ್ತದ."

ಮಸರತಬೀ ಲ್ಯಾಪ್‌ಟಾಪು ತೆರೆಸಿದಳು. ಉರ್ದು ಸಾಲನ್ನು ಓದಿ, ಅರ್ಥ ಹೇಳಿದಳು. ದೇವಕಮ್ಮ ಕನ್ನಡಕ ತೆಗೆದು ಜಗದೇವಪ್ಪನತ್ತ ನೋಡಿದರು. "ಏನ್ರಿ ಇದಕ್ಕೆ?"

ಜಗದೇವಪ್ಪ ಅಲುಗಲಿಲ್ಲ. ಮುಗುಳ್ನಕ್ಕ.

"ಮೇಡಂ, ಅದು ಮಾತಿನ ಪಟ್ಟಿ. ಎಂಜಿನ್ ಅಲ್ಲ. ಒಂದೊಂದು ಕಡತಕ್ಕ ಒಂದೊಂದು ಲೈಸೆನ್ಸ್ ಇರ್ತದ. ಪಟ್ಟಿ ಮ್ಯಾಲ ಬರದದ್ದು ಪಟ್ಟಿಗಷ್ಟ. ಕಾನೂನು ಹಂಗದ."

ಮಹೇಶಕುಮಾರನ ಮುಖ ಬಾಡಿತು. ಮಾತು ನಿಜವೇ ಆಗಿತ್ತು.

ಮಸರತಬೀ ಮಾತ್ರ ಕೇಳಬೇಕಾದ್ದನ್ನೇ ಕೇಳಿದವಳಂತೆ ಎರಡೂ ಕೈ ಮೇಜಿನ ಮೇಲಿಟ್ಟಳು. "ಮೇಡಂ, ಈ ಮಾತು ಬರಕೊಳ್ರಿ. ಒಂದೊಂದು ಕಡತ ಅದರದರ ಮಾಲಕರದು. ಒಬ್ಬರ ಲೈಸೆನ್ಸ್ ಇನ್ನೊಬ್ಬರದಕ್ಕ ಹತ್ತಂಗಿಲ್ಲ. ಹೌದಲ್ಲೋ ಜಗದೇವಪ್ಪನವರ?"

"ಹೌದು ಮತ್ತ."

"ಹಂಗಾರ ಇದು ಅಂಕಿ ಓದೋ ಭಾಗ. ದೂರದೇಶದ ಮೂರು ಮಂದಿದು. ಅವರು ಸುಲ್ತಾನಸಾಬರ ಹೆಸರು ಸೈತ ಕೇಳಿಲ್ಲ. ಜಾಲದಾಗಿನ ಅವರ ಪ್ರತಿಯಾಗ ಅರ್ಧ ಸಾಲು ಅದ. ಈ ಲ್ಯಾಪ್‌ಟಾಪಿನ್ಯಾಗ ಇಲ್ಲ. ಮೇಡಂ, ನಿಮ್ಮ ಕಂಪ್ಯೂಟರಿನ್ಯಾಗ ನೀವ ತೆಗದು ತಾಳೆ ನೋಡ್ರಿ."

ದೇವಕಮ್ಮ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ಸುಲ್ತಾನಸಾಬರು ತಮ್ಮ ಸಾಲು ತಾವ ಬರೀಲಿಲ್ಲ ಅಂತ ಇಟ್ಕೊಳೂಣು," ಅಂದಳು ಮಸರತಬೀ. "ಮಂದಿ ಸಾಲು ಯಾರು ಅಳಸಿದ್ರು? ಇಂಥ ಆರು ಭಾಗದಾಗ ಯಾವುದು ಯಾರದು ಅಂತ ಅಂಬರೀನಗ ಗೊತ್ತು. ಈ ಮಾಸ್ತರಗ ಗೊತ್ತು. ಗೊತ್ತಿಲ್ಲದಾತ ಇನ್ನೊಬ್ಬ, ಮೂರು ದಿನ ಇದನ್ನ ಇಟ್ಕೊಂಡಾತ. ನೋಟಿಸಿನ್ಯಾಗ ಮೂರು ಸಲ ಇದು ಸುಲ್ತಾನಸಾಬರ ಸಾಫ್ಟ್‌ವೇರ್ ಅಂತ ಬರದಾತ. ಎಲ್ಲಾ ಒಬ್ಬರದ ಅಂತ ಒಂದ ಏಟಿಗೆ ಅಳಸಿದ್ರಿ. ಖರೇನೋ ಸುಳ್ಳೋ?"

ಜಗದೇವಪ್ಪನ ಗಂಜಿ ಅಂಗಿಯ ಕಾಲರಿನಲ್ಲಿ ಬೆವರು ಇಳಿಯಿತು.

"ಅಳಸಿದೆ," ಅಂದ ಕೊನೆಗೆ.

ಮಹೇಶಕುಮಾರ ಕುರ್ಚಿಯಿಂದ ಜಿಗಿದೇಬಿಟ್ಟ. ದೇವಕಮ್ಮ ಫೈಲಿನ ಮೇಲೆ ಪೆನ್ನು ಕುಟ್ಟಿದರು. "ಇದು ಅಪರಾಧ ಜಗದೇವಪ್ಪನವರೇ! ಪರೀಕ್ಷೆಗೆ ಬರೋ ನಲವತ್ತೊಂದು ಜನರ ಬದುಕು ಅಂದ್ರೆ ನಿಮಗೆ ಆಟವಾ? ಮಸರತಬೀ ಅವರೇ, ಅಳಿಸಿದ ಸಾಲುಗಳನ್ನ ಮೊದಲಿನ ಹಾಗೆ ಮಾಡ್ಸಿ. ಬುತ್ತಿ ಇರುತ್ತೆ."

ಮಸರತಬೀಯ ಎದೆಯುಬ್ಬಿತು. ಗಡಿಯಾರದಲ್ಲಿ ಇನ್ನೂ ನಾಲ್ಕಾಗಿರಲಿಲ್ಲ. ನೋಂದಣಿ ಕಚೇರಿಯ ದಿನಗಳಲ್ಲೂ ಇಷ್ಟು ಸಲೀಸಾಗಿ ಯಾರಿಗೂ ನೀರು ಕುಡಿಸಿರಲಿಲ್ಲ ಆಕೆ.

"ಒಂದು ನಿಮಿಷ್ರಿ ಮೇಡಂ," ಅಂದ ಜಗದೇವಪ್ಪ.

ಅವನ ದನಿಯಲ್ಲಿ ಸೋತವನ ಸಣ್ಣತನ ಇರಲಿಲ್ಲ. ಮೇಜಿನ ಮೇಲಿದ್ದ ಬುತ್ತಿಯ ಪಟ್ಟಿಯನ್ನು ತನ್ನ ಕಡೆ ತಿರುಗಿಸಿಕೊಂಡ. ಮಹೇಶಕುಮಾರ ಮಾಡಿದ ಪಟ್ಟಿ: ಭಾಗ, ಮಾಡಿದವರ ಹೆಸರು, ಪರವಾನಗಿ.

"ಎಂಜಿನ್, ಅದ. ಅಕ್ಷರ ಜೋಡಣಿ, ಅದ. ಅಂಕಿ, ಫಾಂಟು, ಶಬ್ದಕೋಶ, ಎಲ್ಲಾಕ್ಕೂ ಅದ. ಆರನೇದು, ದನಿ. ಮಾಡಿದವರು, ಚಂದಮ್ಮ. ಪರವಾನಗಿ?" ಬೆರಳು ಖಾಲಿ ಜಾಗದ ಮೇಲೆ ನಿಂತಿತು.

"ಆಕಿ ಬಾಯಿಲೆ ಹೇಳ್ಯಾಳ್ರಿ," ಮಹೇಶಕುಮಾರ ತೊದಲಿದ. "ಯಾರಿಗೆ ಬೇಕಾದ್ರೂ ಕೊಡ್ರಿ ಅಂತ... ಕಾಗದ ಆಮ್ಯಾಲ ಮಾಡೂಣು ಅಂತ ಬಿಟ್ಟಿದ್ವಿ..."

"ಕಾಗದ ಇಲ್ಲಂದ್ರ ಪರವಾನಗಿ ಇಲ್ಲ. ಪರವಾನಗಿ ಇಲ್ಲಂದ್ರ ಹಂಚಾಂಗಿಲ್ಲ. ಹೌದಲ್ಲೋ ಆಪಾ? ನೀವು ಕಾಗದದವರು."

ಮಸರತಬೀ ಪಟ್ಟಿಯನ್ನು ಎಳೆದುಕೊಂಡು ನೋಡಿದಳು. ಸಹಿ ಇಲ್ಲದ ಕಾಗದವನ್ನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಮುಟ್ಟಿದವಳಲ್ಲ. ಇವತ್ತು ಐದು ಪರವಾನಗಿ ಓದುವ ಹುಮ್ಮಸ್ಸಿನಲ್ಲಿ ಆರನೆಯದು ಇಲ್ಲವೇ ಇಲ್ಲ ಎಂಬುದನ್ನು ನೋಡದೆ ಬಂದಿದ್ದಳು. ಥೂ ನನ್ನ, ಎಂದು ತನ್ನನ್ನೇ ಬೈದುಕೊಂಡಳು.

"ಅದಕ್ಕೇನು, ಚಂದಮ್ಮನ ಸಹಿ ತರ್ತೀವಿ," ಅಂದಳು. "ಇನ್ನಾ ಒಂದು ತಾಸದ."

"ತರಾಕ ಬರಂಗಿಲ್ಲ." ಜಗದೇವಪ್ಪ ತಲೆ ತಗ್ಗಿಸಿದ. "ಆಕಿ ಹೆಸರು ಚಂದಮ್ಮ ಅಲ್ಲ. ಬಸವೇಶ್ವರಿ. ನನ್ನ ಮಗಳು. ಮೂರು ವರ್ಷಾತು, ನಾರಾಯಣಪುರದ ಕಾಲುವಿಗೆ ಬಿದ್ದು ಹೋದಳು. ಹೆಣ ಸೈತ ಸಿಗಲಿಲ್ಲ. ಈ ಲ್ಯಾಪ್‌ಟಾಪು ನನ್ನ ಅಂಗಡಿಯಾಗ ಬಾಯಿ ತೆಗದಾಗ ನನಗ ಏನಾಗಿರಬೇಕು? ಹೆತ್ತವ ನಾ. ಕೇಳಿದ ಕೂಡಲೇ ಗುರ್ತು ಹಿಡದೆ."

ದೇವಕಮ್ಮ ಕೊಟ್ಟ ನೀರು ಕುಡಿದು ಅವನೇ ಮುಂದುವರಿಸಿದ.

"ಎಲ್ಲಿ ಯಾವಾಗ ಇದನ್ನ ಓದಿಟ್ಟು ಹೋಗಿದ್ಳೋ, ಯಾರ ಕೈಗೆ ಸಿಕ್ಕಿತ್ತೋ. ಸತ್ತ ಮಗಳ ದನಿ ಊರಾಗಿನ ಕಂಪ್ಯೂಟರಿನ್ಯಾಗೆಲ್ಲ ಮಾತಾಡೋದು ನನಗ ಬ್ಯಾಡ. ಅದಕ ಅಳಸಿದೆ. ಜೇಲಿಗೆ ಹಾಕ್ರಿ, ಹೋಗ್ತೀನಿ. ಆದ್ರ ಆಕಿ ವಾರಸುದಾರ ನಾ. ಆಕಿ ದನಿ ಹಂಚಾಕ ನಾ ಒಪ್ಪಂಗಿಲ್ಲ."

ದೇವಕಮ್ಮನವರ ಕಣ್ಣಲ್ಲಿ ನೀರಾಡಿತು. ಬರೆಯುತ್ತಿದ್ದ ಕೈ ನಿಂತಿತು. "ಮಸರತಬೀ ಅವರೇ, ದನಿ ಇಲ್ಲದ ಬುತ್ತಿ ಇದ್ದೂ ಇಲ್ಲದ ಹಾಗೆ. ನಾನೇನು ಮಾಡ್ಲಿ ಹೇಳಿ? ಅವರು ಒಪ್ಪಲ್ಲ ಅಂದ್ರೆ ತೆಗೀಲೇಬೇಕು."

ಮಸರತಬೀ ಲ್ಯಾಪ್‌ಟಾಪು ಮುಚ್ಚಿದಳು. ಬಸ್ಸಿನಲ್ಲಿ ಮಹೇಶಕುಮಾರ ಕೇಳಿದ್ದಕ್ಕೆ ಇದೇ ಉತ್ತರವೆ? ಪಾಪ, ಹೆತ್ತವನ ಸಂಕಟ. ಎದ್ದು ಹೊರಡಬೇಕೆನ್ನುವಷ್ಟರಲ್ಲಿ ಲೆಕ್ಕವೊಂದು ತಲೆಯಲ್ಲಿ ತಾಳ ತಪ್ಪಿತು. ಮೂರು ವರ್ಷದ ಹಿಂದೆ ಸತ್ತವಳು. ಬುತ್ತಿ ಕಟ್ಟಲು ಶುರುವಾಗಿದ್ದು ಎರಡು ವರ್ಷದ ಹಿಂದೆ. ಅಂದಮೇಲೆ?

ತಡಮಾಡಲಿಲ್ಲ. ಫೋನು ತೆಗೆದು ಅಂಬರೀನಳಿಗೆ ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಟ್ಟಳು.

"ಬೇಟಿ, ಚಂದಮ್ಮ ನಿನಗ ಯಾವಾಗಿಂದ ಪರಿಚಯ?"

"ಒಂದೂವರಿ ವರ್ಷಾತು ಆಪಾ. ಯಾಕ್ರಿ?"

"ಆಕಿ ಪದ ಓದಿ ಎಲ್ಲಿ ಇಟ್ಟಿದ್ಳು?"

"ಇಟ್ಟಿದ್ಳೇನು? ಫೋನಿನ್ಯಾಗ ಓದಿ ಕಳಸ್ತಾಳ್ರಿ! ಪ್ರಶ್ನೆಪತ್ರಿಕೆದ ಸೂಚನಾ ಅಂತ ಮೊನ್ನೆ ಇಪ್ಪತ್ತು ಸಾಲು ಕೊಟ್ಟಿದ್ದೆ. ಇವತ್ತ ಮುಂಜಾನಿ ನೀವು ಹೋದ ಮ್ಯಾಲ ಅಷ್ಟೂ ಓದಿ ಕಳಸ್ಯಾಳ. ಪರೀಕ್ಷೆ ಛಲೋ ಬರಿ ಅಂತನೂ ಹೇಳ್ಯಾಳ."

ಮಹೇಶಕುಮಾರ 'ಅಯ್ಯೋ ಶಿವನ' ಎಂದ. ದೇವಕಮ್ಮ ಎದ್ದು ನಿಂತರು. ಮಸರತಬೀ ಗೆದ್ದ ಖುಷಿಯಲ್ಲಿ ಮೇಜು ಬಡಿದಳು.

"ಕೇಳಿದ್ರಿಲ್ಲೋ ಜಗದೇವಪ್ಪನವರ! ನಿಮ್ಮ ಮಗಳು ಜೀವಂತ ಅದಾಳ! ವಾರಸುದಾರಿಕಿ ಮಾತ ಬರಂಗಿಲ್ಲ. ಆಕಿ ದನಿಗೆ ಆಕಿನೇ ಮಾಲಕಳು. ಸಹಿ ಆಕಿನೇ ಮಾಡ್ತಾಳ!"

ಎಲ್ಲರೂ ಅವನ ಮುಖ ನೋಡಿದರು. ಕಾಲುವೆಗೆ ಹೋದ ಮಗಳು ತಿರುಗಿ ಸಿಕ್ಕಿದ್ದಾಳೆ. ಈಗ ಅಳುತ್ತಾನೆ, ನಗುತ್ತಾನೆ, ಕುಸಿದು ಬೀಳುತ್ತಾನೆ ಎಂದುಕೊಂಡರು.

ಜಗದೇವಪ್ಪ ಅಳಲಿಲ್ಲ. ಬೆಚ್ಚಲೂ ಇಲ್ಲ. ಹೇಗಿದ್ದಾಳೆ ಎಂದು ಕೇಳಲಿಲ್ಲ. ತುಸು ಹೊತ್ತಿನ ಹಿಂದೆ ಕಾಲರಿಗೆ ಇಳಿದಿದ್ದ ಬೆವರು ಈಗ ಹಣೆಯ ವಿಭೂತಿಯನ್ನು ಕಲಸುತ್ತಿತ್ತು. ಕುರ್ಚಿಯನ್ನು ಮೆಲ್ಲಗೆ ಮುಂದಕ್ಕೆ ಎಳೆದುಕೊಂಡು ಫೋನಿನ ಮೇಲೆ ಬಾಗಿದ.

ಮಸರತಬೀಗೆ ಆಗ ಹೊಳೆಯಿತು. ಮಗಳು ಸತ್ತಿಲ್ಲ ಎಂಬುದು ಇವನಿಗೆ ಲ್ಯಾಪ್‌ಟಾಪು ಬಾಯಿ ತೆರೆದ ದಿನವೇ ಗೊತ್ತಾಗಿದೆ. ಬೇರೆ ಹೆಸರಿಟ್ಟುಕೊಂಡು ಮೂರು ವರ್ಷ ಒಬ್ಬ ಹೆಣ್ಣುಮಗಳು ಯಾರಿಂದ ಅಡಗಿದ್ದಳೋ, ಅವನ ಎದುರಿಗೇ ತಾನು ಈಗ ಫೋನು ಹಚ್ಚಿಕೊಟ್ಟಿದ್ದಾಳೆ.

"ಅಂಬರೀನ ಬೇಟಾ," ಜಗದೇವಪ್ಪನ ದನಿ ಬೆಣ್ಣೆಯ ಹಾಗಿತ್ತು. "ನಾ ಆಕಿ ಅಪ್ಪ ಮಾತಾಡಾಕತ್ತೀನಿ. ಈ ಪದ ಓದೋದು ಬಿಟ್ಟು, ಬ್ಯಾರೆ ಏನಾರ ಹೇಳ್ಯಾಳೇನವಾ ಆಕಿ ನಿನಗ?"

"ಹೂಂ ರೀ, ಹೇಳ್ಯಾಳ," ಅಂದಳು ಅಂಬರೀನ. ಸೋಮವಾರದ ಪರೀಕ್ಷೆಯ ಖುಷಿ ಅವಳ ದನಿಯಲ್ಲಿ ತುಂಬಿತ್ತು. "ಆ ಕಾಲುವಿ ಹತ್ರ ಏನಾತು ಅಂತ ಎಲ್ಲಾನೂ ಓದಿ ನನ್ನ ಹತ್ರನೇ ಇಟ್ಟಾಳ್ರಿ. ತನಗೇನಾರ ಆದ್ರ ಮಾತ್ರ ತೆಗದು ಕೇಳು ಅಂದಾಳ, ನಾ ಇನ್ನಾ ಕೇಳಿಲ್ಲ."

ಕರೆ ಕತ್ತರಿಸಲು ಮಸರತಬೀ ಕೈ ಚಾಚಿದಳು. ಫೋನು ಆಗಲೇ ಜಗದೇವಪ್ಪನ ಕೈಯಲ್ಲಿತ್ತು.